ಕಿಂಡಿಯ ಅಳತೆಯ ಹಲಗೆ

ಆದೋನಿಯ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಬೇಲುಗಳ ಮೇಲೆ ಕಪ್ಪು ಬಣ್ಣದಲ್ಲಿ ನಂಬರು ಬರೆಯುವುದು ನನ್ನ ಕೆಲಸ. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ, ಊಟದ ಹೊತ್ತಿನಲ್ಲಿ ಒಡೆದ ಹಲಗೆಯ ಚೂರುಗಳ ಮೇಲೆ ಅಂಗೈಯಗಲದ ಚಿತ್ರ ಬರೆಯುತ್ತಿದ್ದೆ. ಹಗ್ಗ ಕಡಿದುಕೊಂಡ ಎಮ್ಮೆ, ಬಾಗಿಲು ತೆರೆದಿಟ್ಟ ಮನೆ, ಸೈಕಲ್ ಮೇಲೆ ಒಬ್ಬಳೇ ಹೋಗುವ ಹೆಂಗಸು. ಸ್ವಾತಂತ್ರ್ಯ ಅಂದರೆ ನನಗೆ ಇಷ್ಟೇ ತೋಚುತ್ತಿತ್ತು.

ನಮ್ಮ ಗೇಟಿಗೆ ಬೆಳಿಗ್ಗೆ ಬೀಗ ಬಿದ್ದರೆ ಸಂಜೆಯವರೆಗೂ ತೆಗೆಯುವುದಿಲ್ಲ. ಅದರಲ್ಲಿ ಎದೆಮಟ್ಟಕ್ಕೆ ಒಂದು ಚೌಕದ ಕಿಂಡಿ ಇತ್ತು, ಅಷ್ಟೇ. ಹತ್ತಿ ಆರಿಸುವವರಲ್ಲಿ ಗೋನೆಗಂಡ್ಲದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳೊಬ್ಬಳಿದ್ದಳು. ಅವಳ ಅತ್ತೆ ದಿನಾ ಹನ್ನೊಂದಕ್ಕೆ ಕೂಸನ್ನು ತಂದು ಆ ಕಿಂಡಿಯಲ್ಲಿ ಒಳಗೆ ಕೊಡುತ್ತಿದ್ದಳು. ಈಕೆ ಗೋಡೆಗೆ ಮುಖ ಮಾಡಿ ಕುಳಿತು ಮೊಲೆಯುಣಿಸಿ, ಮತ್ತೆ ಅಲ್ಲಿಂದಲೇ ಹೊರಗೆ ಕೊಡುತ್ತಿದ್ದಳು. ಬಾಟಲಿ ಹಾಲು ಆ ಕೂಸಿಗೆ ಒಗ್ಗುತ್ತಿರಲಿಲ್ಲ, ಕಕ್ಕಿಬಿಡುತ್ತಿತ್ತು.

ಜನವರಿ ಇಪ್ಪತ್ತಾರಕ್ಕೆ ಮಾಲೀಕರು ಜೆಂಡಾ ಹಾರಿಸಲು ಬರುವವರಿದ್ದರು. ಮ್ಯಾನೇಜರು ನನ್ನ ತೆರೆದ ಬಾಗಿಲಿನ ಚಿತ್ರವನ್ನು ಕೈಯಲ್ಲಿ ಹಿಡಿದು, "ಬಾಗುಂದಮ್ಮಾ, ಚಂದ ಐತಿ. ಇದನ್ನ ದೊಡ್ಡದಾಗಿ ಬರಿ. ಎಲ್ಲಿ ಹಾಕೋಣು?" ಎಂದರು.

ಹೊಗಳಿಕೆಗೆ ನನ್ನ ತಲೆ ತಿರುಗಿತ್ತು. "ಗೇಟಿಗೇ ಹಾಕ್ರಿ ಸಾರ್. ಬರೋರು ಹೋಗೋರು ನೋಡ್ತಾರ," ಎಂದೆ. ಬೇರೆ ಚೌಕಟ್ಟು ಯಾಕೆ ಎಂದು ಕಿಂಡಿಯನ್ನೇ ಅಳೆದು ಹಲಗೆ ಕೊಯ್ಯಿಸಿದವಳೂ ನಾನೇ. ಜೆಂಡಾ ಇಳಿಸಿದ ಮೇಲೆ ಇದನ್ನೂ ತೆಗೆಯುತ್ತಾರೆ ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು.

ಮಾಲೀಕರಿಗೆ ಚಿತ್ರ ಹಿಡಿಸಿತಂತೆ. ಹಲಗೆಯನ್ನು ಕಿಂಡಿಗೆ ನಟ್ಟು ಬೋಲ್ಟು ಹಾಕಿ ಬಿಗಿಸಿದರು. ಮರುದಿನ ಹನ್ನೊಂದಕ್ಕೆ ಅತ್ತೆ ಹೊರಗಿನಿಂದ ಹಲಗೆ ಬಡಿದಳು, ಕೂಗಿದಳು, ಕೂಸನ್ನು ಎತ್ತಿಕೊಂಡು ತಿರುಗಿ ಹೋದಳು. ನಾನು ಮ್ಯಾನೇಜರ ಮುಂದೆ ಹೋಗಿ ನಿಂತೆ.

"ಸಾರ್, ಅದನ್ನ ತೆಗಸ್ರಿ. ಕೂಸು ಉಪಾಸ ಐತಿ."

"ನೀನು ಬರೆದ ಚಿತ್ರನೇ ಅಲ್ಲೇನಮ್ಮ ಅದು? ಜಾಗ ತೋರಿಸಿದಾಕಿನೂ ನೀನೇ. ಮಾಲೀಕರು ಖುಷಿಯಿಂದ ಹಾಕ್ಸ್ಯಾರ, ನಾನು ಹೆಂಗ ತೆಗೀಲಿ?"

ನಾನು ಹೊರಗೆ ಬಂದೆ. ಫಿಟ್ಟರನ ಹತ್ತಿರ ಪಾನಾ ಇಸಕೊಂಡು ನಾನೇ ಬಿಚ್ಚಬಹುದಿತ್ತು. ನಾಲ್ಕು ಬೋಲ್ಟು, ಹೆಚ್ಚಿನ ಕೆಲಸವೇನಲ್ಲ. ಕೆಲಸದಿಂದ ತೆಗೆದಾರೆಂಬ ಭಯಕ್ಕೆ ಸುಮ್ಮನಾದೆ. ಸ್ವಾತಂತ್ರ್ಯದ ಚಿತ್ರ ಬರೆಯುವವಳ ಯೋಗ್ಯತೆ ಅಷ್ಟೇ ಇತ್ತು. ನನ್ನ ಬ್ರಷ್ಷು ಕಂಡರೆ ನನಗೇ ಹೇಸಿಗೆ ಬರುತ್ತಿತ್ತು.

ಮೂರನೆಯ ದಿನವೂ ಹನ್ನೊಂದಕ್ಕೆ ಗೇಟಿನ ಆಚೆ ಕೂಸು ಅಳುತ್ತಿತ್ತು. ಚಿತ್ರ ಇದ್ದದ್ದು ರಸ್ತೆಯ ಕಡೆಗೆ. ನಮ್ಮ ಕಡೆಗೆ ಬರೀ ಹಲಗೆಯ ಬೆನ್ನು. ಕೂಸಿನ ತಾಯಿ ಒದ್ದೆಯಾದ ರವಿಕೆಯ ಮೇಲೆ ಸೆರಗು ಒತ್ತಿಕೊಂಡು ಅದರ ಮುಂದೆ ನಿಂತಿದ್ದಳು. ನನ್ನನ್ನು ಕಂಡು ಬೈಯಲಿಲ್ಲ, ಮೆಲ್ಲಗೆ ಅಂದಳು:

"ಅಕ್ಕ, ನಿನ್ನ ಬಾಗಿಲಾ ಭಾಳ ಚಂದ ಐತಂತ ನಮ್ಮತ್ತಿ ಹೇಳಿದ್ಲು. ಒಂದೀಟು ತೆಗಿ."