ಹೊಸ ಡಿವಿಡಿಯಲ್ಲಿ ಇಲ್ಲದ ಅವ್ವ

ಸ್ನೇಹಿತರೇ, ನಮ್ಮವ್ವ ಸುಳ್ಳು ಹೇಳಿಲ್ಲ ಎಂಬುದು ಇವತ್ತು ರುಜುವಾತಾಯಿತು.

ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಟಿವಿ ಧಾರಾವಾಹಿಯೊಂದರ ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದೆ ಎಂದು ಅವಳು ಮುಂಬೈನ ಸಯನ್‌ನಲ್ಲಿರುವ ನಮ್ಮ ಇಡೀ ಬಿಲ್ಡಿಂಗಿಗೆ ಹೇಳಿದ್ದಾಳೆ. ಬೆಳಿಗ್ಗೆ ಪಕ್ಕದ ಮನೆಯ ಸರೋಜಾ ಮಾಮಿಯನ್ನು ಕರೆದು, ಅದರ ಹೊಸ ಡಿವಿಡಿ ಹಾಕಿದೆ. ಪಂಕ್ತಿ ಬಂತು, ಅವ್ವ ಬರಲಿಲ್ಲ.

"ಎಂಥದು ಅಕ್ಕ, ನೀವು ಇದ್ರಲ್ಲಿ ಇಲ್ವೇ ಇಲ್ಲ ಅಲ್ಲಾ," ಎಂದರು ಮಾಮಿ.

ಅವ್ವ ಚಹಾ ಮುಟ್ಟದೆ ಒಳಗೆ ಹೋದಳು. ನನಗೂ ಒಂದು ಗಳಿಗೆ ಅನುಮಾನ ಬಂತು.

ಮಾಮಿ ಹೋದ ಮೇಲೆ ವಿಕ್ರೋಳಿಗೆ ಹೋಗಿ, ಸೋದರಮಾವ ಜೋಪಾನವಾಗಿ ಇಟ್ಟಿದ್ದ ಹಳೆಯ ವಿಸಿಡಿ ತಂದು ಹಾಕಿದೆ. ಅದರಲ್ಲಿ ಚಿತ್ರ ಮೇಲಿನಿಂದ ಕೆಳತನಕ ಪೂರ್ತಿ ಇದೆ. ಹೊಸದರಲ್ಲಿ ಈಗಿನ ಅಗಲ ಟಿವಿಗೆ ಹೊಂದಿಸಲು ಕೆಳಭಾಗವನ್ನೇ ಕತ್ತರಿಸಿದ್ದಾರೆ. ಆ ಕೆಳಭಾಗದಲ್ಲೇ ನಮ್ಮವ್ವ ಕೂತಿದ್ದಳು, ಬಾಯಿಗೆ ಇಡೀ ಬುಂದಿ ಲಾಡು ತುರುಕಿಕೊಂಡು.

ನನಗೆ ಹೋದ ಜೀವ ಬಂದಂತಾಯಿತು. ಮಾಮಿಯನ್ನು ಕರೆಯಲು ಎದ್ದೆ. ಅಷ್ಟರಲ್ಲಿ ಹೊರಗೆ ಬಂದಿದ್ದ ಅವ್ವ, ಟಿವಿಯಲ್ಲಿ ಲಾಡು ತುಂಬಿದ ತನ್ನ ಬಾಯಿ ನೋಡಿ, ನನ್ನ ಕೈ ಹಿಡಿದು ಕೂರಿಸಿದಳು.

"ಬ್ಯಾಡೋ ತಮ್ಮಾ. ಅಕಿಗೆ ಆ ಹೊಸಾದ ಇರ್ಲಿ."

ನಾನು ಬೆಳಿಗ್ಗೆಯಿಂದ ಶಪಿಸುತ್ತಿದ್ದ ಡಿವಿಡಿಯನ್ನು ಅವಳೀಗ ಸೆರಗಿನಿಂದ ಒರೆಸಿ ಶೋಕೇಸಿನಲ್ಲಿ ಇಟ್ಟಿದ್ದಾಳೆ.