ಏಳನೇ ರೀಲಿನ ಅವ್ವ

ಪುಣೆಯ ತುಳಶೀಬಾಗಿನ ಹಿಂದಿನ ಗಲ್ಲಿಯಲ್ಲಿ ಹೌಸಾಬಾಯಿ ಸುಪೇಕರಳ ಬಾಯಿಗೆ ಹೆದರದವರಿಲ್ಲ. ಲಾವಣಿ ಕುಣಿಯುವ ಹುಡುಗಿಯರಿಗೆ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಸಮೇತ ಹೊಲಿದು ಕೊಡುವುದು ಅವಳ ಕಸುಬು. ಯಾವಳಾದರೂ "ಸೊಂಟದ ಹತ್ರ ಸ್ವಲ್ಪ ಸಡಿಲ ಮಾಡಿ ಮಾವಶಿ" ಅಂದಳೋ, ಮುಗಿಯಿತು. "ಯಾಕೆ, ಕುಣಿಯೋಕೆ ಹೋಗ್ತೀಯೋ, ಮದುವೆ ಊಟಕ್ಕೆ ಹೋಗ್ತೀಯೋ?" ಎಂದು ಗಲ್ಲಿಗೆಲ್ಲ ಕೇಳುವಂತೆ ಕೇಳಿಬಿಡುವಳು. ಹುಡುಗಿಯರು ನಗುತ್ತಿದ್ದರು, ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಯಾಕೆಂದರೆ ಅವಳೂ ಒಂದು ಕಾಲಕ್ಕೆ ತಮಾಶಾ ಮೇಳದಲ್ಲಿ ಗೆಜ್ಜೆ ಕಟ್ಟಿದವಳು. ಮೊಣಕಾಲು ಕೈಕೊಟ್ಟ ಮೇಲಷ್ಟೇ ಹೊಲಿಗೆ ಯಂತ್ರದ ಮುಂದೆ ಕೂತವಳು.

ಇಷ್ಟು ಮಾತಾಡುವ ಹೆಂಗಸು ತನ್ನ ಅವ್ವನ ವಿಷಯಕ್ಕೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅವಳನ್ನು ಸಾಕಿದ್ದು ಕೌಸಲ್ಯಾ ಮಾವಶಿ, ಅಂದರೆ ಅವ್ವನ ಅಕ್ಕ. ಆ ಪುಣ್ಯಾತ್ಗಿತ್ತಿ ಸಾಯುವ ತನಕ ಒಂದೇ ಕತೆ ಹೇಳಿದಳು: "ನಿನ್ನವ್ವ ಚಂದ್ರಭಾಗಾ ನಿನ್ನನ್ನ ಬಟ್ಟೆ ಗಂಟಿನ ಹಾಗೆ ನನ್ನ ಮಡಿಲಿಗೆ ಎಸೆದು, ಸಿನಿಮಾದಾಗೆ ಕುಣೀತೀನಿ ಅಂತ ಕೊಲ್ಹಾಪುರಕ್ಕೆ ಹೋದ್ಳು. ಇನ್ನೂ ಮೊಲೆ ಕುಡಿಯೋ ಕೂಸು ನೀನು. ಒಂದು ಸಲ ಹಿಂದಕ್ಕೆ ತಿರುಗಿ ನೋಡ್ಲಿಲ್ಲ." ಹೋದವಳು ಅಲ್ಲೇ ಜ್ವರ ಬಂದು ಸತ್ತಳು. ಫೋಟೋ ಒಂದೂ ಇರಲಿಲ್ಲ. ಹೌಸಾಬಾಯಿಗೆ ಅವ್ವನ ಮುಖವೇ ಗೊತ್ತಿಲ್ಲ. ಮೊಮ್ಮಗಳು ಹುಟ್ಟಿದಾಗ ಮಗ ಅಜ್ಜಿಯ ಹೆಸರಿಡೋಣವೇ ಎಂದು ಕೇಳಿದ್ದಕ್ಕೆ, "ಕೂಸು ಬಿಟ್ಟು ಹೋದವಳ ಹೆಸರು ಕೂಸಿಗೆ ಬೇಡ" ಅಂದುಬಿಟ್ಟಳು.

ಹೀಗಿರುವಾಗ ಶರ್ವರಿ ಎಂಬ ಹುಡುಗಿ ಅವಳನ್ನು ಹುಡುಕಿಕೊಂಡು ಬಂದಳು. ವಿಶ್ವವಿದ್ಯಾಲಯದಲ್ಲಿ ಹಳೆಯ ತಮಾಶಾ ಸಿನಿಮಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಹೌಸಾಬಾಯಿಯ ಅವ್ವ ಕುಣಿದಿದ್ದಾಳೆಂದು ಮೇಳದ ಹಳಬರು ಹೇಳುವ ಸಿನಿಮಾದ ಒಂದೇ ಒಂದು ಪ್ರತಿ ಊರಿನ ಚಿತ್ರ ಭಂಡಾರದಲ್ಲಿ ಉಳಿದಿದೆ, ನೋಡಲು ತನಗೆ ಪರವಾನಗಿ ಸಿಕ್ಕಿದೆ ಎಂದಳು.

"ಸಿಕ್ಕಿದ್ರೆ ನೋಡ್ಕೋ. ನನಗೇನು?" ಎಂದು ಹೌಸಾಬಾಯಿ ಹಲ್ಲಿನಲ್ಲಿ ದಾರ ಕಡಿದಳು.

"ಲಾವಣಿ ಕುಣಿದಿದ್ದು ನಿಮ್ಮ ಅವ್ವನೇ ಅಂತ ನೀವು ಹೇಳಿದ್ರೆ ಅವರ ಹೆಸರು ದಾಖಲಾಗುತ್ತೆ ಮಾವಶಿ. ಮೊದಲನೇ ರೀಲು ಹಾಳಾಗಿ ಹೋಗಿದೆ, ಹೆಸರುಗಳೆಲ್ಲ ಅದರ ಜೊತೆಗೇ ಹೋದವು."

"ಮುಖಾನೇ ನೋಡದವಳು ಗುರುತು ಹೇಗೆ ಹಿಡೀಲಿ ನಾನು?"

ಹುಡುಗಿ ತಾನು ಹೋಗುವ ದಿನವನ್ನಷ್ಟೇ ಹೇಳಿದಳು. ಬಂದ ದಾರಿಗೆ ಸುಂಕವಿಲ್ಲವೆಂದು ಎದ್ದು ಹೋದಳು. ಆದರೆ ಆ ದಿನ ಬೆಳಿಗ್ಗೆ ಭಂಡಾರದ ಗೇಟಿನ ಎದುರು ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ನಿಂತಿದ್ದವಳು ಹೌಸಾಬಾಯಿಯೇ.

"ಗುರುತು ಹೇಳೋಕೆ ಬಂದಿಲ್ಲ, ತಿಳ್ಕೋ," ಎಂದಳು. "ಕೂಸು ಬಿಟ್ಟು ಹೋದ ಮುಖ ಹೇಗಿರುತ್ತೆ ಅಂತ ಸಾಯೋದರ ಒಳಗೆ ಒಂದು ಸಲ ನೋಡಬೇಕು. ಅಷ್ಟೇ."

ಪರವಾನಗಿ ಇದ್ದದ್ದು ಶರ್ವರಿಯೊಬ್ಬಳಿಗೆ. ಅವಳು ಕಾವಲುಗಾರನ ಮುಂದೆ ಏನೋ ತಡವರಿಸಿ, ಇವರು ಮೇಳದ ಹಾಡು ಬಿಡಿಸಿ ಹೇಳುವವರು ಎಂದು ಒಳಗೆ ಕರೆದುಕೊಂಡು ಹೋದಳು. ಹಳೆಯ ದೂರದರ್ಶನದ ಟೇಪುಗಳನ್ನು ಜೋಡಿಸಿಟ್ಟ ಓಣಿಯನ್ನು ದಾಟಿದರೆ ಕಿಟಕಿಯಿಲ್ಲದ ಒಂದು ಕೋಣೆ. ನಡುವೆ ರೀಲು ನೋಡುವ ಮೇಜು: ಎಡಕ್ಕೊಂದು ತಟ್ಟೆ, ಬಲಕ್ಕೊಂದು ತಟ್ಟೆ, ಮಧ್ಯದಲ್ಲಿ ಅಂಗೈಯಗಲದ ಪರದೆ. ಮೇಜಿನ ಹಿಂದೆ ದಿಘೆ. ಮೇಜು ನಡೆಸುವುದರಲ್ಲೇ ತಲೆ ಬೆಳ್ಳಗಾಗಿಸಿಕೊಂಡ ಮನುಷ್ಯ. ಅವನು ಲಾವಣಿ ಇದ್ದ ಏಳನೇ ರೀಲಿನ ಡಬ್ಬಿ ತೆರೆದದ್ದೇ ತಡ, ಹುಳಿ ಹಿಡಿದ ಉಪ್ಪಿನಕಾಯಿಯ ವಾಸನೆ ಕೋಣೆ ತುಂಬಿತು.

"ಇದು ಸಾಯ್ತಾ ಇದೆ ಅಕ್ಕಾ," ಎಂದ ದಿಘೆ. "ಫಿಲ್ಮು ಕುಗ್ಗಿಬಿಟ್ಟಿದೆ. ಅಂಚಿನ ತೂತು ಯಂತ್ರದ ಹಲ್ಲಿಗೆ ಕೂರ್ತಿಲ್ಲ. ಒಂದೇ ಸಲ ಓಡಿಸ್ತೀನಿ. ಹಿಂದಕ್ಕೆ ತಿರುಗಿಸು, ಇನ್ನೊಂದು ಸಲ ತೋರಿಸು ಅಂದ್ರೆ ಆಗಲ್ಲ. ಇವತ್ತಾದ ಮೇಲೆ ತಣ್ಣನೆ ಕೋಣೆಗೆ ಹೋಗುತ್ತೆ. ಆಮೇಲೆ ಯಾರಿಗೂ ಕೊಡೋದಿಲ್ಲ."

ಹೌಸಾಬಾಯಿ ಕುರ್ಚಿಯ ತುದಿಯಲ್ಲಿ ಕೂತಳು. ಬಾಯಿ ಒಣಗಿತ್ತು. ನೀರು ಕೇಳಿದರೆ ಆ ಹೊತ್ತಿಗೇ ಏನಾದರೂ ಕಳೆದುಹೋದೀತೆಂದು ಕೇಳಲಿಲ್ಲ.

ರೀಲು ಹೊರಟಿತು. ಪಾಟೀಲನ ವಾಡೆ, ಮೀಸೆ ತಿರುವುವ ಖಳನಾಯಕ, ನೀರು ತರುವ ನಾಯಕಿ. ಪರದೆಯ ಮೇಲೆ ಗೀರುಗಳು ಸುರಿಯುತ್ತಿದ್ದವು. ದಿಘೆಯ ಬೆರಳುಗಳು ಓಡುವ ಫಿಲ್ಮಿನ ಅಂಚನ್ನು ಬಿಡಲೇ ಇಲ್ಲ. ಪಟ್ ಎಂದಿತು. ಮೋಟರು ನಿಲ್ಲಿಸಿ, ಹರಿದಲ್ಲಿ ಪಟ್ಟಿ ಅಂಟಿಸಿ, ಮತ್ತೆ ಬಿಟ್ಟ. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಅಲ್ಲಿನ ಅಧಿಕಾರಿ ಬಾಪಟ್ ಸಾಹೇಬರು.

"ಈ ಹೆಂಗಸು ಯಾರು? ಪರವಾನಗಿ ಒಬ್ಬರಿಗಲ್ವಾ?"

ಶರ್ವರಿ ಎದ್ದು ನಿಂತಳು. "ಸರ್, ಇವರು ಮೇಳದ... ಹಾಡಿನ..."

ಬೇರೆ ದಿನವಾಗಿದ್ದರೆ ಹೌಸಾಬಾಯಿ ಸಾಹೇಬರ ಏಳು ತಲೆಮಾರನ್ನು ಎಣಿಸಿಬಿಡುತ್ತಿದ್ದಳು. ಈ ದಿನ ಎರಡೂ ಕೈ ಮುಗಿದಳು. "ಸಾಹೇಬ್, ಇದೊಂದು ಹಾಡು ಮುಗೀಲಿ. ಆಮೇಲೆ ನೀವು ಹೋಗು ಅನ್ನೋದರ ಒಳಗೆ ನಾನೇ ಹೋಗಿರ್ತೀನಿ."

ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಇಂಥ ಒಂದು ರೀಲು ಹಾಳಾದರೂ ಮೇಲಿನವರಿಗೆ ಅವರೇ ಉತ್ತರ ಕೊಡಬೇಕು. ಮೇಜಿನ ಮೇಲಿನ ಹರಿದ ಚೂರನ್ನು ನೋಡಿದರು. "ದಿಘೆ, ಇನ್ನೊಂದು ಸಲ ಹರಿದರೆ ಮೋಟರ್ ನಿಲ್ಲಿಸಿಬಿಡು. ಹೊರಗಿರ್ತೀನಿ," ಎಂದು ಬಾಗಿಲು ಎಳೆದುಕೊಂಡರು.

ಈಗ ಉಳಿದದ್ದು ಫಿಲ್ಮು ಇನ್ನೊಂದು ಸಲ ಹರಿಯುವ ತನಕದ ಅವಕಾಶ. ಮೂವರೂ ಆ ಪುಟ್ಟ ಪರದೆಯನ್ನೇ ನೋಡತೊಡಗಿದರು. ವಾಡೆಯ ಅಂಗಳದಲ್ಲಿ ಢೋಲಕಿ ಶುರುವಾಯಿತು. ಗಂಡಸರು ಪೇಟ ಸರಿಮಾಡಿಕೊಂಡು ಕೂತರು. ಒಬ್ಬಳು ಒಳಗೆ ಬಂದಳು. ನೋಡುಗರಿಗೆ ಬೆನ್ನು, ತಲೆಯ ಮೇಲೆ ಸೆರಗು, ಎರಡೂ ಕೈಯಲ್ಲಿ ಆ ಸೆರಗಿನ ಅಂಚನ್ನು ರೆಕ್ಕೆಯ ಹಾಗೆ ಹರಡಿಕೊಂಡಿದ್ದಳು.

"ಮುಖ ಯಾಕೆ ತೋರಿಸ್ತಿಲ್ಲ?" ಶರ್ವರಿ ಪಿಸುಗುಟ್ಟಿದಳು.

"ತೋರಿಸಲ್ಲ ಈಗಲೇ. ಮೊದಲು ಮುಜರೆ, ಅಂದ್ರೆ ನಮಸ್ಕಾರ. ಢೋಲಕಿಯವನಿಗೆ ಮುಖ, ಮಂದಿಗೆ ಬೆನ್ನು. ಪಲ್ಲವಿ ಮುಗಿದ ಮೇಲೆ ತಿರುಗ್ತಾಳೆ. ತಿರುಗಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸ್ತಾಳೆ." ಹೌಸಾಬಾಯಿಯ ಪಾದ ನೆಲದ ಮೇಲೆ ತಾನಾಗಿ ತಾಳ ಹಾಕುತ್ತಿತ್ತು. ಪರದೆಯ ಮೇಲಿನವಳ ಕಾಲಿನ ಹೊಡೆತ ಕೌಸಲ್ಯಾ ಮಾವಶಿಯದೇ, ತನ್ನದೇ. ಹಿಮ್ಮಡಿ ಮೊದಲು ಇಟ್ಟು ಆಮೇಲೆ ಬೆರಳು. ಸುಪೇಕರ್ ಮನೆಯವರನ್ನು ಬಿಟ್ಟರೆ ಯಾರೂ ಹಾಗೆ ಇಡುತ್ತಿರಲಿಲ್ಲ. "ಅವಳೇ," ಎಂದಳು. "ಅವಳೇ ಇವಳು."

ಪಲ್ಲವಿ ಮುಗಿಯಲು ಬಂತು. ಢೋಲಕಿ ತೀವ್ರವಾಯಿತು. ಬೆನ್ನು ಒಂದಿಷ್ಟು ಓರೆಯಾಯಿತು, ಕಿವಿಯ ಝುಮಕಿ ಕಂಡಿತು. ಅಷ್ಟರಲ್ಲಿ ಪಟ್ ಪಟ್ ಪಟ್ ಎಂದು ಅಂಚಿನ ತೂತುಗಳು ಸಾಲಾಗಿ ಕಿತ್ತುಕೊಂಡು ಬಂದವು. ದಿಘೆ ಮೋಟರು ಆರಿಸಿದ. ಹಾಡು ನಡುವಿನಲ್ಲೇ ಸತ್ತಿತು. ಪರದೆಯ ಮೇಲೆ ಅರ್ಧ ತಿರುಗಿದ ಬೆನ್ನು ಹಾಗೇ ನಿಂತಿತು.

"ಆಯ್ತಲ್ಲ," ಎಂದಳು ಹೌಸಾಬಾಯಿ. "ಇಲ್ಲೂ ತಿರುಗಿ ನೋಡ್ಲಿಲ್ಲ, ನೋಡು ಮಹಾರಾಯಿತಿ."

ದಿಘೆ ಕನ್ನಡಕ ಒರೆಸಿಕೊಂಡ. ಬಾಗಿಲ ಕಡೆ ನೋಡಿದ, ಹೌಸಾಬಾಯಿಯ ಕಡೆ ನೋಡಿದ. "ಸಾಹೇಬರು ಮೋಟರ್ ನಿಲ್ಲಿಸು ಅಂದ್ರು. ನಿಲ್ಲಿಸಿದೀನಿ," ಎಂದ. ಆಮೇಲೆ ಫಿಲ್ಮನ್ನು ಹಲ್ಲುಗಳಿಂದ ಬಿಡಿಸಿ, ಎರಡೂ ತಟ್ಟೆಗಳ ಮೇಲೆ ಒಂದೊಂದು ಅಂಗೈ ಇಟ್ಟು, ಮಲಗಿದ ಕೂಸಿನ ತೊಟ್ಟಿಲು ತೂಗುವಷ್ಟು ಮೆಲ್ಲಗೆ ತಿರುಗಿಸಿದ.

ಸದ್ದಿಲ್ಲ. ಹಾಡಿಲ್ಲ. ಚಿತ್ರ ಒಂದಾದ ಮೇಲೊಂದು ತಡವರಿಸುತ್ತ ಬಂತು. ಝುಮಕಿ, ಕೆನ್ನೆಯ ಅಂಚು, ಮೂಗಿನ ನತ್ತು, ಆಮೇಲೆ ಮುಖ.

ಹೌಸಾಬಾಯಿ ಮನಸ್ಸಿನಲ್ಲಿ ಇಷ್ಟು ವರ್ಷ ಬೈಯುತ್ತ ಬಂದದ್ದು ಒಬ್ಬ ದೊಡ್ಡ ಹೆಂಗಸನ್ನು. ತುಟಿಗೆ ಬಣ್ಣ ಬಳಿದುಕೊಂಡ ಗಟ್ಟಿಗಿತ್ತಿಯನ್ನು. ಪರದೆಯ ಮೇಲೆ ಇದ್ದವಳು ತನ್ನ ಮೊಮ್ಮಗಳ ವಾರಿಗೆಯ ಹುಡುಗಿ. ಗಲ್ಲದ ಮೇಲೆ ಇನ್ನೂ ಮೊಡವೆ. ನಗು ಎಂದರೆ ನಗಬೇಕೆಂದು ಹೇಳಿಕೊಟ್ಟ ನಗು.

"ಅಯ್ಯೋ ದೇವರೇ, ಇದಿನ್ನೂ ಪೋರಿ," ಎಂದಳು.

ಹುಡುಗಿ ಪೂರಾ ತಿರುಗಿದಳು. ಆದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲ. ಬಲಗೈಯಿಂದ ಎದೆಗೆ ಅವುಚಿ ಹಿಡಿದೇ ಕುಣಿದಳು, ಎಡಗೈ ಒಂದರಲ್ಲೇ ಅಭಿನಯ. ಮೇಳದಲ್ಲಿ ಗೆಜ್ಜೆ ಕಟ್ಟಿದ ಮೊದಲ ವಾರದ ಹುಡುಗಿಯೂ ಇಂಥ ತಪ್ಪು ಮಾಡುವುದಿಲ್ಲ. "ಸೆರಗು ಬಿಡೇ!" ಹೌಸಾಬಾಯಿಗೆ ತಡೆಯಲಾಗಲಿಲ್ಲ. "ಸುಪೇಕರ್ ಮನೆಯವಳಾಗಿ ಹೀಗಾ ಕುಣಿಯೋದು? ಬಿಡೇ ಸೆರಗು!"

ಕೇಳಿಸಿತೋ ಎಂಬಂತೆ, ಗಿರಕಿಯ ಹೊತ್ತಿಗೆ ಎರಡೂ ಕೈ ಮೇಲೆತ್ತಲೇಬೇಕಾಗಿ ಬಂದು, ಹುಡುಗಿ ಕೈ ಬಿಟ್ಟಳು. ಸೆರಗು ಜಾರಿತು. ಕುಪ್ಪಸದ ಮೇಲೆ ಎರಡು ಕಡೆ ದೊಡ್ಡದಾಗಿ ಒದ್ದೆ. ಬೆವರಲ್ಲ. ಬೆವರಿನ ಜಾಗ ಅದಲ್ಲ. ಹುಡುಗಿಯ ಕಣ್ಣು ತಟಕ್ಕನೆ ಕೆಳಗಿಳಿಯಿತು, ಕೈ ಹಾರಿ ಬಂದು ಸೆರಗನ್ನು ಮತ್ತೆ ಎದೆಗೆ ಅವುಚಿತು. ನಗು ಮಾತ್ರ ತುಟಿಯ ಮೇಲೆ ಹಾಗೇ ಇತ್ತು.

"ನಿಲ್ಲಿಸಿ," ಎಂದಳು ಹೌಸಾಬಾಯಿ. ದಿಘೆ ಕೈ ತಡೆದ.

"ಏನಾಯ್ತು ಮಾವಶಿ?" ಶರ್ವರಿ ಕೇಳಿದಳು.

ಹೌಸಾಬಾಯಿಯೂ ಇಬ್ಬರನ್ನು ಹೆತ್ತವಳು. ಕೂಸನ್ನು ಡೇರೆಯಲ್ಲಿ ಬಿಟ್ಟು ರಂಗದ ಮೇಲೆ ಹೋದಾಗ ಎದೆ ಹೇಗೆ ಕಲ್ಲಾಗುತ್ತದೆ, ಕೂಸು ಅಳುವ ಹೊತ್ತಿಗೆ ತಾನೇ ತಾನಾಗಿ ಹೇಗೆ ಸುರಿಯುತ್ತದೆ ಎಂಬುದು ಅವಳ ಮೈಗೆ ಗೊತ್ತು. "ಹಾಲು," ಎಂದಳು. "ಹಾಲು ಸುರೀತಿದೆ ಅವಳಿಗೆ. ನನ್ನ ಹಾಲು."

ದಿಘೆ ತಲೆ ತಗ್ಗಿಸಿದ. ಹೊರಗೆ ಓಣಿಯಲ್ಲಿ ಸಾಹೇಬರ ಹೆಜ್ಜೆಯ ಸದ್ದು ಕೇಳಿತು. ಶರ್ವರಿ ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಹೌಸಾಬಾಯಿ ಪರದೆಯ ಹತ್ತಿರಕ್ಕೆ ಮುಖ ಒಯ್ದಳು. ಬೈಯಲು ತಂದಿದ್ದ ಮಾತು ಒಂದೂ ನೆನಪಾಗಲಿಲ್ಲ. ಹದಿನಾರೋ ಹದಿನೇಳೋ ಇದ್ದ ಆ ಹುಡುಗಿಯ ಗಲ್ಲವನ್ನು ಗಾಜಿನ ಮೇಲಿಂದಲೇ ಬೆರಳಿನಿಂದ ಸವರಿ, ತನ್ನ ಮೊಮ್ಮಗಳನ್ನು ಕೇಳುವ ದನಿಯಲ್ಲೇ ಕೇಳಿದಳು:

"ಊಟ ಆದ್ರೂ ಹಾಕಿದ್ರೇನೇ ಮಗಾ ನಿಂಗೆ ಅಲ್ಲಿ?"