ಹಳದಿ ಕಣ್ಣಿನ ಪ್ರಶ್ನೆ

ಟಿಬಿ ಮಾತ್ರೆ ತಿನ್ನುವವರು ಆರು ತಿಂಗಳ ಕೊನೆಗೆ ಏನಾಗುತ್ತಾರೆ ಎಂದು ತಿಳಿಯುವ ಒಂದು ಅಧ್ಯಯನದಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಕೆಜಿಎಫ್, ಬಂಗಾರಪೇಟೆ ಸುತ್ತಿನ ಊರುಗಳಲ್ಲಿ ರೋಗಿಗಳ ಮನೆಗೆ ತಿಂಗಳಿಗೊಮ್ಮೆ ಹೋಗುವುದು, ತೂಕ ನೋಡುವುದು, ಮೊಬೈಲಿನಲ್ಲಿದ್ದ ಪ್ರಶ್ನೆಗಳನ್ನು ಕೇಳಿ ಉತ್ತರ ಒತ್ತುವುದು, ಇಷ್ಟೇ. ನಾನು ನರ್ಸ್ ಅಲ್ಲ. ಬಿ.ಎ. ಓದಿ ಆಂಡರ್ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದವಳು. ಕನ್ನಡ, ತಮಿಳು, ತೆಲುಗು ಮೂರೂ ಬರುತ್ತದೆ ಅಂತ ತೆಗೆದುಕೊಂಡರು. ತರಬೇತಿಯ ಮೊದಲ ದಿನ ಅಧ್ಯಯನದ ಡಾಕ್ಟರಮ್ಮ ಹೇಳಿದ್ದರು: ನೀವು ಕೇಳಬೇಕು, ಬರೆಯಬೇಕು, ಚಿಕಿತ್ಸೆ ಹೇಳಬಾರದು. ಯಾರಾದರೂ ಮಾತ್ರೆ ಬಿಡುತ್ತೇನೆಂದರೆ ಮಾತ್ರ, ಬಿಡಬೇಡಿ ಅನ್ನಿ. ಆ ಕೊನೆಯ ಮಾತನ್ನು ನಾನು ಹೋದ ಮನೆಯಲ್ಲೆಲ್ಲ ಹೇಳಿದೆ.

ಬೂದಿಕೋಟೆಯಿಂದ ಆಚೆ ಒಂದು ಹಳ್ಳಿಯಲ್ಲಿ ನನ್ನ ವಯಸ್ಸಿನವಳೇ ಒಬ್ಬಳಿದ್ದಳು. ಟೊಮೇಟೊ ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು. ಗಂಡ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಹಗಲು ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಮೊದಲ ಸಲ ಹೋದಾಗ ಅವಳು ನಗುನಗುತ್ತಾ ತೂಕದ ಯಂತ್ರ ಹತ್ತಿದಳು. ಕೆಮ್ಮು ಕಡಿಮೆಯಾಗಿತ್ತು. "ಅಕ್ಕಾ, ನೀನು ಬರೀ ಕೇಳ್ತೀಯಾ, ಏನೂ ಯೋಳಲ್ಲ," ಅಂದಳು. ನನಗೂ ನಗು ಬಂತು.

ಎರಡನೇ ತಿಂಗಳು ಹೋದಾಗ ನಗು ಇರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತೂಕ ಎರಡು ಕೆಜಿ ಇಳಿದಿತ್ತು.

"ಮುದ್ದೆ ವಾಸ್ನೆ ಬಂದ್ರೇ ವಾಕರಿಕೆ ಬತ್ತದೆ ಅಕ್ಕಾ. ಉಚ್ಚೆ ಕೆಂಪುಗೆ ಓಗ್ತದೆ."

ವಾಂತಿ ಇದೆಯೇ? ಹೌದು, ಒತ್ತಿದೆ. ಹಸಿವು ಕಡಿಮೆಯೇ? ಹೌದು, ಒತ್ತಿದೆ. ಉಚ್ಚೆಯ ಮಾತಿಗೆ ಪಟ್ಟಿಯಲ್ಲಿ ಪ್ರಶ್ನೆಯೇ ಇರಲಿಲ್ಲ. ಆದರೆ ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಈ ಮಾತ್ರೆ ತಿಂದವರಿಗೆಲ್ಲ ಹಾಗಾಗುತ್ತದೆಂದು ತರಬೇತಿಯಲ್ಲಿ ಕೇಳಿದ್ದೆ. ಗೊತ್ತಿರುವುದನ್ನು ಹೇಳುವ ಖುಷಿಯಲ್ಲೇ ಹೇಳಿದೆ: "ಅದು ಮಾತ್ರೆ ಬಣ್ಣ ಕಣಮ್ಮ, ಹೆದರಬೇಡ."

ಹತ್ತು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ನಾನು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ದನಿ ಸೋತಿತ್ತು.

"ಅಕ್ಕಾ, ಒಂದ್ ನಾಕ್ ದಿನ ಮಾತ್ರೆ ಬುಟ್ಟುಬುಡ್ಲಾ? ಒಟ್ಟೇಲಿ ಏನೂ ನಿಲ್ತಿಲ್ಲ."

"ಬಿಟ್ರೆ ರೋಗ ಮೊಂಡು ಬೀಳುತ್ತೆ. ಆಮೇಲೆ ಯಾವ ಮಾತ್ರೆಗೂ ಬಗ್ಗಲ್ಲ. ಸ್ವಲ್ಪ ಗಂಜಿ ಕುಡಿದು ತಗೋ."

"ಆಗ್ಲಿ ಅಕ್ಕಾ," ಅಂದಳು. ರೈಲು ಬಂತು. ಅಷ್ಟರಲ್ಲಿ ಕರೆ ಮುಗಿದಿತ್ತು. ಆಸ್ಪತ್ರೆಗೆ ಹೋಗಿ ತೋರಿಸು ಅನ್ನಲಿಲ್ಲ. ಡಾಕ್ಟರಮ್ಮನಿಗೆ ತಿಳಿಸಲೂ ಇಲ್ಲ. ನಾನು ಒತ್ತಿದ್ದ ಹೌದುಗಳು ತಿಂಗಳ ಕೊನೆಗೆ ಎಲ್ಲರ ಹೌದುಗಳ ಜೊತೆ ಸೇರಿ ಕಚೇರಿಗೆ ಹೋದವು. ಆರು ತಿಂಗಳಾದ ಮೇಲೆ ಒಟ್ಟಿಗೆ ನೋಡುವ ಲೆಕ್ಕ ಅದು. ಆ ದಿನವೇ ತೆರೆದು ನೋಡುವವರು ಯಾರೂ ಇರಲಿಲ್ಲ.

ಮೂರನೇ ತಿಂಗಳಿನ ಭೇಟಿಗೆ ಹೋದಾಗ ಮಧ್ಯಾಹ್ನ. ಅತ್ತೆ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಅಮ್ಮಣ್ಣೀ, ನೋಡ್ಬಾ. ಕಾಮಾಲೆ ಆಗದೆ. ಎಲ್ಡು ದಿನದಿಂದ ನಾಟಿ ಔಸ್ದ ಕುಡುಸ್ತಾ ಇವ್ನಿ."

ಒಳಗೆ ಚಾಪೆಯ ಮೇಲೆ ಮಲಗಿದ್ದಳು. ನಾನು ಕರೆದಾಗ ಕಣ್ಣು ತೆರೆದಳು. ಕಣ್ಣಿನ ಬಿಳಿ ಎಲ್ಲ ಅರಿಶಿನ ಅರೆದು ಹಚ್ಚಿದ ಹಾಗಿತ್ತು. ನನ್ನನ್ನು ನೋಡಿದಳು, ಗುರುತು ಹಿಡಿಯಲಿಲ್ಲ. ಟೊಮೇಟೊ ಬಾಕ್ಸು ಲಾರಿಗೆ ಏರಿಸಿದರಾ ಎಂದು ತೆಲುಗಿನಲ್ಲಿ ಯಾರನ್ನೋ ಕೇಳಿದಳು. ತಲೆದೆಸೆಯಲ್ಲಿ ಮಾತ್ರೆಯ ಹಾಳೆ ಇತ್ತು. ಖಾಲಿ ಗುಳಿಗಳನ್ನು ಎಣಿಸಿದೆ, ಒಂದು ದಿನವೂ ತಪ್ಪಿರಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಕಣ್ಣು ಹಳದಿ ಅಂದ ಕೂಡಲೇ ಅವರ ದನಿ ಬದಲಾಯಿತು. "ಮಾತ್ರೆ ಈಗಲೇ ನಿಲ್ಲಿಸಿ. ಲಿವರ್ ಕೆಟ್ಟಿದೆ. ತಕ್ಷಣ ಆಸ್ಪತ್ರೆಗೆ ಸೇರಿಸಿ."

ಪಕ್ಕದ ಮನೆಯವರ ಆಟೋದಲ್ಲಿ ಮಲಗಿಸಿಕೊಂಡು ಬಂಗಾರಪೇಟೆಗೆ ಹೊರಟೆವು. ಅತ್ತೆಯ ತೊಡೆಯ ಮೇಲೆ ತಲೆ, ನನ್ನ ತೊಡೆಯ ಮೇಲೆ ಕಾಲು. ಕಾಲು ಹಗುರವಾಗಿತ್ತು. "ನೆಟ್ಟುಗೆ ತಿಂತಿದ್ಲಲ್ಲಮ್ಮಣ್ಣಿ, ಇಂಗ್ಯಾಕಾಯ್ತು?" ಎಂದು ಅತ್ತೆ ದಾರಿಯುದ್ದಕ್ಕೂ ಕೇಳಿದರು. ನಾನು ಅವಳ ಪಾದ ಉಜ್ಜುತ್ತಾ, ಆಟೋದವನಿಗೆ ಬೇಗ ಹೋಗಣ್ಣ ಅನ್ನುತ್ತಾ ಕೂತೆ. ಬಂಗಾರಪೇಟೆಯ ಡಾಕ್ಟರು ನೋಡಿ, ಗ್ಲೂಕೋಸ್ ಹಾಕಿ, ಆ್ಯಂಬುಲೆನ್ಸಿನಲ್ಲಿ ಕೋಲಾರಕ್ಕೆ ಕಳಿಸಿದರು. ಗಂಡ ಬೆಂಗಳೂರಿನಿಂದ ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಬಂದ.

ಆರು ದಿನ ಇದ್ದಳು. ನಾನು ದಿನಾ ಹೋದೆ. ಎರಡನೇ ದಿನ ಸ್ವಲ್ಪ ಎಚ್ಚರವಾಗಿ "ನೀರು" ಅಂದಳು. ನಾವು ಮೂವರೂ ಎದ್ದು ನಿಂತೆವು. ಅದೇ ಕೊನೆಯ ಮಾತು. ಅಲ್ಲಿನವರು ಮಾಡುವುದನ್ನೆಲ್ಲ ಮಾಡಿದರು. ನಾನು ಕಾರಿಡಾರಿನಲ್ಲಿ ನಿಂತು ದೇವರನ್ನು ಬೇಡಲಿಲ್ಲ. ಆ ಫೋನ್ ಕರೆ ಇನ್ನೊಂದು ಸಲ ಬರಲಿ ಅಂತ ಬೇಡಿದೆ. ಇನ್ನೊಂದೇ ಸಲ ಬಂದರೆ ಸಾಕು, ಈ ಸಲ ಸರಿಯಾಗಿ ಮಾತಾಡುತ್ತೇನೆ ಅಂತ. ಏಳನೆಯ ದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು.

ಕಚೇರಿಯ ಸಭೆಯಲ್ಲಿ ನಾನು ನಡೆದದ್ದೆಲ್ಲ ಹೇಳಿದೆ. ಫೋನಿನ ಮಾತನ್ನೂ ಮುಚ್ಚಿಡಲಿಲ್ಲ. ಡಾಕ್ಟರಮ್ಮ ನನ್ನ ಮೊಬೈಲಿನ ಪಟ್ಟಿಯನ್ನು ತೆರೆದು ನೋಡಿದರು. "ತಪ್ಪು ನಿನ್ನೊಬ್ಬಳದಲ್ಲ. ವಾಂತಿ ಅಂದವರನ್ನು ಅವತ್ತೇ ನಮಗೆ ತಿಳಿಸುವ ದಾರಿ ನಾವು ಮಾಡಿರಲಿಲ್ಲ," ಅಂದರು. ಮುಂದಿನ ವಾರ ಪಟ್ಟಿಗೆ ಹೊಸ ಪ್ರಶ್ನೆ ಸೇರಿತು: ಕಣ್ಣು ಹಳದಿಯಾಗಿದೆಯೇ? ಅದಕ್ಕಾಗಲಿ ನಿಲ್ಲದ ವಾಂತಿಗಾಗಲಿ ಹೌದು ಅಂದರೆ, ಆ ಮನೆಯಿಂದಲೇ ಡಾಕ್ಟರಿಗೆ ಫೋನ್ ಮಾಡಬೇಕು. ಆಮೇಲೆ ಆ ಪ್ರಶ್ನೆಯಿಂದಾಗಿ ಕೆಜಿಎಫ್‌ನ ಒಬ್ಬ ಮುದುಕರು, ಕಾಮಾಲೆ ಬೇಗ ಪತ್ತೆಯಾಗಿ, ಬದುಕಿಕೊಂಡರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ.

ಅವಳ ಪುಟದಲ್ಲಿ 'ಚಿಕಿತ್ಸೆಯ ಫಲ' ಎಂಬಲ್ಲಿ 'ಸಾವು' ಎಂದು ಒತ್ತಿದವಳೂ ನಾನೇ. ಒತ್ತದೆ ಮೂರು ದಿನ ತಳ್ಳಿದ್ದೆ. ಮನೆಯವರಿಗೆ ಕಾರಣ ಹೇಳುವುದು ಆಸ್ಪತ್ರೆಯವರ ಕೆಲಸ, ನೀವು ಮಧ್ಯೆ ಹೋಗಬೇಡಿ ಎಂದು ಕಚೇರಿಯಲ್ಲಿ ಹೇಳಿದ್ದರು. ನಾನು ಆ ಊರಿನ ಕಡೆ ತಲೆ ಹಾಕಲಿಲ್ಲ.

ನಾಲ್ಕೈದು ತಿಂಗಳ ಮೇಲೆ ಬಂಗಾರಪೇಟೆ ಸ್ಟೇಷನ್ನಿನ ಮೆಟ್ಟಿಲ ಬಳಿ ಅವಳ ಗಂಡ ಎದುರಾದ. ಬುತ್ತಿ ಚೀಲ ಹಿಡಿದಿದ್ದ. ನಾನು ಪಕ್ಕಕ್ಕೆ ಸರಿಯುವಷ್ಟರಲ್ಲಿ ನೋಡಿಬಿಟ್ಟ.

"ಮೇಡಮ್ಮಾ, ಒಂದ್ ಮಾತು. ಅವ್ಳು ಫೋನ್ ಮಾಡಿದ್ಲಂತಲ್ಲ, ಅವತ್ತೇ ಮಾತ್ರೆ ನಿಲ್ಸಿ ಆಸ್ಪತ್ರೆಗೆ ಕರ್ಕೊಂಡೋಗಿದ್ರೆ ಉಳೀತಿದ್ಲಾ?"

ಹಾಗೆಲ್ಲ ಹೇಳಲಾಗುವುದಿಲ್ಲ ಎನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅವನು ನನ್ನ ಬಾಯನ್ನೇ ನೋಡುತ್ತಿದ್ದ.

"ಉಳೀತಿದ್ದಳೇನೋ ಅಣ್ಣ. ಬಿಡಬೇಡ ಅಂದಿದ್ದು ನಾನೇ."

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಬುತ್ತಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

"ಮಾತ್ರೆಯಿಂದ್ಲೇ ಇಂಗಾಯ್ತು ಅಂತ ನಮ್ಮವ್ವಂಗೆ ಮಾತ್ರ ಯೋಳ್ಬೇಡಿ. ನೀವು ಫೋನಲ್ಲಿ ಯೋಳಿದ್ಮೇಲೂ ಅವ್ಳು ಬ್ಯಾಡ ಬ್ಯಾಡ ಅಂತಿದ್ಲಂತೆ. ಅವ್ವನೇ ದಿನಾ ಬಾಯಿಗಾಕಿ, ನುಂಗೋಗಂಟ ಪಕ್ಕದಲ್ಲೇ ಕುಂತ್ಕೊತಿದ್ಲು."

ರೈಲಿನ ಹೊತ್ತಾಗಿತ್ತು. ಅವನು ಮೆಟ್ಟಿಲು ಹತ್ತಿಹೋದ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಅವತ್ತು ಇನ್ನೂ ನಾಲ್ಕು ಮನೆ ಬಾಕಿ ಇದ್ದವು.